ಸಾಂಬ್ರಾಣಿ ಮೇಸ್ತ್ರಿ

ಹೊಸ ಮನೆಗೆ ದೃಷ್ಟಿ ತಾಗದಿರಲಿ ಎಂದು ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟುತ್ತಾರಲ್ಲ, ಕಣ್ಣು ಮೂಗು ಮೀಸೆ ಬರೆದು, ನಮ್ಮ ಮೇಸ್ತ್ರಿಯ ಮುಖ ಸಂಜೆಯ ಹೊತ್ತಿಗೆ ಅದೇ ಆಗಿರುತ್ತಿತ್ತು. ರೆಪ್ಪೆ ಬಿಳಿ, ಹುಬ್ಬು ಬಿಳಿ, ಕಿವಿಯೊಳಗಿನ ಕೂದಲೂ ಬಿಳಿ. ಆ ಬಿಳುಪಿನ ನಡುವೆ ಬಾಯಿ ತೆರೆದರೆ ಮಾತ್ರ ಎಲೆಯಡಿಕೆಯ ಕೆಂಪು ಕಾಣುತ್ತಿತ್ತು. ಬೈಯಲೆಂದೇ ಅವರು ಬಾಯಿ ತೆರೆಯುತ್ತಿದ್ದದ್ದು. ಹಾಗಾಗಿ ಆ ಕೆಂಪನ್ನು ನಾವು ದಿನವೂ, ಧಾರಾಳವಾಗಿ ಕಂಡೆವು.

ಚಿನಕುರಳಿಯ ಆಚೆ, ಕಲ್ಲುಕ್ವಾರಿಯ ಲಾರಿಗಳು ಓಡಾಡುವ ರಸ್ತೆಯಲ್ಲಿ ನಮ್ಮ ಕಾರ್ಖಾನೆ. ಕಾರ್ಖಾನೆ ಎನ್ನುವುದು ಬೋರ್ಡಿನ ಮಾತು, ನೋಡಿದರೆ ಉದ್ದನೆಯ ತಗಡಿನ ಶೆಡ್ಡು. ಹಿಟ್ಟು ರುಬ್ಬುವ ಗ್ರೈಂಡರುಗಳಿಗೆ ಅಲ್ಲಿ ಕಲ್ಲು ಕೊರೆಯುತ್ತಿದ್ದೆವು. ನಿಮ್ಮ ಮನೆಯ ಇಡ್ಲಿ ಮಲ್ಲಿಗೆಯಂತೆ ಅರಳಬೇಕಾದರೆ ಹಿಟ್ಟು ನುಣ್ಣಗಿರಬೇಕು, ಹಿಟ್ಟು ನುಣ್ಣಗಾಗಲು ಕಲ್ಲು ದುಂಡಗಿರಬೇಕು, ಕಲ್ಲು ದುಂಡಗಾಗಲು ನಾವು ಕಲ್ಲಿನ ಹಿಟ್ಟು ತಿನ್ನಬೇಕು. ನೀರು ಬಿಟ್ಟುಕೊಂಡು ಕೊರೆದರೆ ಧೂಳೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ನೀರು ಬಿಟ್ಟರೆ ಕಲ್ಲಿನ ಮೇಲೆ ಹಾಕಿದ ಗುರುತು ಅಳಿಸಿಹೋಗುತ್ತದೆ, ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಎಲ್ಲವೂ ಒಣ ಕಟಿಂಗ್. ಧೂಳು ರಸ್ತೆಗೆ ಹೋದರೆ ಪಕ್ಕದ ಕಬ್ಬಿನ ಗದ್ದೆಯವರು ಜಗಳಕ್ಕೆ ಬರುತ್ತಾರೆಂದು ಬಾಗಿಲನ್ನೂ ಹಾಕಿರುತ್ತಿದ್ದರು. ಗದ್ದೆಯವರ ಕಬ್ಬಿಗಿದ್ದ ಮರ್ಯಾದೆ ನಮ್ಮ ಮೂಗಿಗಿರಲಿಲ್ಲ.

ಡಿಪ್ಲೊಮಾದಲ್ಲಿ ಡುಮ್ಕಿ ಹೊಡೆದು ಸಿಂಧಘಟ್ಟದಿಂದ ಅಲ್ಲಿಗೆ ಬಂದು ಬಿದ್ದವನು ನಾನು. ಕೈಗೆ ಯಾವ ಕೆಲಸವೂ ಬಾರದಿದ್ದರೂ ಬಾಯಿಗೆ ಒಂದು ವಿದ್ಯೆ ಬರುತ್ತಿತ್ತು. ಯಾರನ್ನು ನೋಡಿದರೂ ಅವರಂತೆ ಮಾತಾಡುವುದು, ನಡೆಯುವುದು, ಸೀನುವುದು. ಸೇರಿದ ದಿನವೇ ಓನರು ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಳ್ಳುತ್ತ ಬಾತುಕೋಳಿಯಂತೆ ಬರುವುದನ್ನು ಮಾಡಿ ತೋರಿಸುತ್ತಿದ್ದೆ. ನಗುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ತಿರುಗಿ ನೋಡಿದರೆ ಬೂದುಗುಂಬಳಕಾಯಿ.

"ಲೇ ನಕ್ಲಿ, ಕ್ಯಾಮೆ ಮಾಡಕ್ ಬಂದಿದ್ದೀಯೋ ನಾಟ್ಕ ಆಡಕ್ ಬಂದಿದ್ದೀಯೋ?"

"ಎರಡೂವೆ ಮೇಸ್ತ್ರಿ."

"ಅಂಗಾರೆ ನಂದೂ ಮಾಡು. ನೋಡವಾ."

ನಾನು ಮಾಡಿದೆ. ಅವರ ಕೆಮ್ಮು ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಇವರು ಸಂಗೀತದ ಮೇಷ್ಟ್ರ ಹಾಗೆ ತಲೆ ಓರೆ ಮಾಡಿಕೊಂಡು ಕೇಳಿ, "ಅಂಗಲ್ಲ ಕಣ್ಲಾ. ಕೊನೇಲಿ ಒಂದ್ ಸಿಳ್ಳೆ ಬತ್ತದೆ. ಅದ ಬುಟ್ಬುಟ್ಟೆ" ಎಂದರು. ಆಮೇಲೆ ತಾವೇ ಕೆಮ್ಮಿ ತೋರಿಸಿದರು. ತೋರಿಸಲು ಅವರು ಯಾವ ಕಷ್ಟವನ್ನೂ ಪಡಬೇಕಾಗಿರಲಿಲ್ಲ. ಮೊದಲು ಹಳೆಯ ಬುಲೆಟ್ಟಿಗೆ ಕಿಕ್ ಹೊಡೆದ ಹಾಗೆ ಗಂಟಲಲ್ಲಿ ಒದೆತ, ನಂತರ ಖಾಲಿ ಡಬ್ಬದಲ್ಲಿ ಜಲ್ಲಿ ಅಲ್ಲಾಡಿಸಿದ ಸದ್ದು. ಎಲ್ಲ ಮುಗಿದ ಮೇಲೆ, ಉಸಿರು ಒಳಕ್ಕೆ ಎಳೆದುಕೊಳ್ಳುವಾಗ, ಕುಕ್ಕರು ಕೂಗುವುದಕ್ಕೆ ಮುಂಚೆ ಬರುವಂಥ ಸಣ್ಣ ಸಿಳ್ಳೆ. ಆ ಸಿಳ್ಳೆ ನನಗೆ ಬರಲೇ ಇಲ್ಲ. ಎಷ್ಟೋ ಸಲ ಮಾಡಿದೆ. ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ನನ್ನಿಂದ ಕೆಮ್ಮಿಸುವರು. ಕೊನೆಗೆ ಅದೇ ತೀರ್ಪು: "ಅಂಗಲ್ಲ ಕಣ್ಲಾ." ನನ್ನ ಹೆಸರು ಮಾತ್ರ ಅಂದಿನಿಂದ ನಕ್ಲಿ ಎಂದೇ ಆಯಿತು.

ಇದನ್ನು ಓದಿ ಮೇಸ್ತ್ರಿ ತಮಾಷೆಯ ಮನುಷ್ಯರೆಂದುಕೊಂಡರೆ ನಿಮಗೆ ಅವರ ಕೈಕೆಳಗೆ ಒಂದು ವಾರ ಕೆಲಸ ಕೊಡಿಸಬೇಕು. ಯಾರಾದರೂ ಮೂಗಿಗೆ ಟವೆಲ್ ಕಟ್ಟಿಕೊಂಡರೆ, "ಏನ್ಲಾ ಮದ್ವಣಗಿತ್ತಿ, ಗಂಡ್ನೋರು ಎಷ್ಟೊತ್ಗೆ ಬತ್ತಾರೆ?" ಎನ್ನುವರು. ಕಟ್ಟಿದವನು ನಾಚಿಕೊಂಡು ಬಿಚ್ಚಿಬಿಡುತ್ತಿದ್ದ. ಧೂಳು ಎಂಬ ಮಾತನ್ನು ಅವರು ಆಡಗೊಡುತ್ತಿರಲಿಲ್ಲ. "ಧೂಳು ಅನ್ಬ್ಯಾಡ, ಪೌಡ್ರು ಅನ್ನು. ಹೆಂಡ್ರು ಮಕ್ಳಿಗೆ ದುಡ್ಡು ಕೊಟ್ಟು ತಂದ್ಕೊಡ್ತೀರಿ, ಇಲ್ಲಿ ಪುಕ್ಸಟ್ಟೆ ಸಿಕ್ತದೆ."

ಕಟಿಂಗಿನಲ್ಲಿದ್ದ ಹಳೆಯ ಕೆಲಸಗಾರನೊಬ್ಬ ತೀರಿಕೊಂಡ. ಒಣಗಿದ ಹುರುಳಿ ಗಿಡದಂತಾಗಿ, ಕೂತಲ್ಲೇ ಏದುಸಿರು ಬಿಟ್ಟುಕೊಂಡು ಸತ್ತವನು. ಮೇಸ್ತ್ರಿ ನನ್ನ ಗಾಡಿಯ ಹಿಂದೆ ಕೂತು ಅವನ ಮನೆಗೆ ಬಂದರು. ಹತ್ತಾರು ಜನರ ಮುಂದೆ ಅವನ ಹೆಂಡತಿಗೆ, "ಬೀಡಿ ಕಣವ್ವ, ಬೀಡಿ. ನಾನು ಬಡ್ಕೊಂಡೆ, ಕೇಳ್ಲಿಲ್ಲ" ಎಂದರು.

ಆ ಹೆಂಗಸು ಅಳು ನಿಲ್ಲಿಸಿ ಮುಖ ನೋಡಿದಳು. "ಅವ್ರು ಬೀಡಿ ಮುಟ್ಟೋರಲ್ವಲ್ಲ ಮೇಸ್ತ್ರಪ್ಪ."

"ನಿನ್ ಮುಂದೆ ಸೇದ್ತಿರ್ಲಿಲ್ಲ ಅನ್ನು."

ಹೆಣದ ಮುಂದೆಯೇ ಅವಳಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ವಾಪಸು ಬರುವಾಗ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಬೆನ್ನ ಹಿಂದಿನಿಂದ ಉತ್ತರ ಬಂತು. "ಕಲ್ಲಿಂದ ಸತ್ತ ಅಂದ್ರೆ ನಾಳೆ ಕ್ಯಾಮೆಗೆ ಯಾರ್ಲಾ ಬತ್ತಾರೆ? ನಿಮ್ಮಪ್ಪ ಬತ್ತಾನಾ? ಸುಮ್ಕೆ ಗಾಡಿ ಓಡ್ಸು."

ಇಂಥ ಮೇಸ್ತ್ರಿಯ ನಿಜವಾದ ಪ್ರತಿಭೆ ಕಾಣುತ್ತಿದ್ದದ್ದು ಗಾಳಿ ಪರೀಕ್ಷೆಯ ದಿನ. ಶೆಡ್ಡಿನೊಳಗಿನ ಗಾಳಿಯನ್ನು ಅಳೆಯಲು ಲ್ಯಾಬಿನವರು ಆಗಾಗ ಬರಬೇಕು, ಅವರ ರಿಪೋರ್ಟಿನ ಒಂದು ಪ್ರತಿ ಇಲಾಖೆಗೆ ಹೋಗಬೇಕು. "ನಾಳೆ ಗಾಳಿ ನೋಡೋರು ಬತ್ತಾರೆ ಕಣವ್ವ" ಎಂದು ನಾನು ಮನೆಯಲ್ಲಿ ಹೇಳಿದಾಗ ನಮ್ಮವ್ವ ಮಂತ್ರವಾದಿ ಎಂದುಕೊಂಡು, "ಅಲ್ಲಿ ಗಾಳಿ ಕಾಟ ಐತೇನ್ಲಾ?" ಎಂದು ಎದೆ ಹಿಡಿದುಕೊಂಡಳು. "ಐತೆ ಕಣವ್ವ, ಬಿಳೀ ಸೀರೆ ಉಟ್ಕೊಂಡ್ ಬತ್ತದೆ" ಎಂದೆ. ಕೈಗೆ ತಾಯಿತ ಕಟ್ಟಿಯೇ ಕಳಿಸಿದಳು.

ಬರುತ್ತಿದ್ದವರು ಪಟ್ಟಣದ ಕಡೆಯ ಒಬ್ಬ ಹೆಣ್ಣುಮಗಳು, ಗಾಳಿ ಮೇಡಮ್. ಪಟ್ಟಣ ಎಂದರೆ ನಮಗೆ ಶ್ರೀರಂಗಪಟ್ಟಣ ಒಂದೇ. ಅವರು ತರುತ್ತಿದ್ದದ್ದು ಅಂಗೈಯಗಲದ ಒಂದು ಪಂಪು. ಅದನ್ನು ಕೆಲಸಗಾರನ ಸೊಂಟಕ್ಕೆ ಕಟ್ಟಿ, ಒಂದು ರಬ್ಬರ್ ಕೊಳವೆಯನ್ನು ಬೆನ್ನ ಮೇಲಿಂದ ತಂದು, ಅದರ ತುದಿಯ ಪುಟ್ಟ ಡಬ್ಬಿಯನ್ನು ಕಾಲರಿಗೆ ಸಿಕ್ಕಿಸುವರು. ಡಬ್ಬಿಯೊಳಗೆ ಬಿಳಿಯ ಬಿಲ್ಲೆ. ನಾವು ಉಸಿರಾಡುವಲ್ಲೇ ಅದೂ ಉಸಿರಾಡುತ್ತದೆ, ನಮ್ಮೊಳಗೆ ಹೋಗುವಂಥದ್ದು ಅದರ ಮೇಲೆ ಕೂರುತ್ತದೆ. ಆಮೇಲೆ ಬಿಲ್ಲೆಯನ್ನು ಲ್ಯಾಬಿನಲ್ಲಿ ತೂಗುತ್ತಾರೆ. ನಮ್ಮ ಶ್ವಾಸಕೋಶವನ್ನು ಬಿಚ್ಚಿ ತೂಗಲಾಗುವುದಿಲ್ಲವಲ್ಲ, ಅದಕ್ಕೆ.

ಅಂದು ಹೆಣ್ಣು ನೋಡಲು ಬರುವ ಮನೆಯ ಹಾಗೆ ಶೆಡ್ಡು ಸಿಂಗಾರಗೊಳ್ಳುತ್ತಿತ್ತು. ಬಾಗಿಲುಗಳೆಲ್ಲ ತೆರೆದು, ನೆಲ ತೊಳೆದು, ಒಣ ಮಿಷಿನ್ನುಗಳಿಗೆ ಟಾರ್ಪಾಲು ಹೊದಿಸಿ, ಮೂಲೆಯಲ್ಲಿದ್ದ ಒಂದೇ ಒಂದು ನೀರಿನ ಮಿಷಿನ್ನನ್ನು ಓಡಿಸುವರು. ಪಂಪು ಕಟ್ಟುವುದು ನನಗೆ. "ಇವ್ನೇ ಮೇಡಮ್, ನಮ್ಮ ಮೇನ್ ಆಪರೇಟ್ರು" ಎಂದು ಮೇಸ್ತ್ರಿ ಬೆನ್ನು ತಟ್ಟುವರು. ಮೇಡಮ್ ಆಫೀಸಿಗೆ ಟೀ ಕುಡಿಯಲು ಹೋದೊಡನೆ ನನ್ನನ್ನು ಹಿತ್ತಲಿನ ಹೊಂಗೆಮರದ ಕೆಳಗೆ ಕೂರಿಸುವರು. ನಾನು ಹೊಂಗೆಯ ಗಾಳಿ ಕುಡಿಯುತ್ತ ಮೇಡಮ್ಮಿನ ನಡಿಗೆ ಅಭ್ಯಾಸ ಮಾಡುತ್ತಿದ್ದೆ. ರಿಪೋರ್ಟು ನೋಡಿದರೆ ನಮ್ಮ ಶೆಡ್ಡಿನಲ್ಲಿ ಬಾಣಂತಿಯರನ್ನು ಮಲಗಿಸಬಹುದಿತ್ತು. ನಾನೂ ಮೇಸ್ತ್ರಿಯೂ ಇಬ್ಬರೂ ನಕಲಿಗಳೇ. ನಾನು ಕೆಮ್ಮಿನ ನಕಲು ಮಾಡುತ್ತಿದ್ದೆ, ಅವರು ಗಾಳಿಯ ನಕಲು ಮಾಡುತ್ತಿದ್ದರು, ಮತ್ತು ಅವರದು ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು.

ಒಂದು ಸಲ ಮಾತ್ರ ಎಡವಟ್ಟಾಯಿತು. ಪರೀಕ್ಷೆ ನಡೆಯುತ್ತಿರುವಾಗ ಓನರೇ ಓಡಿಬಂದು, ಲೋಡು ಅರ್ಜೆಂಟೆಂದು ಒಣ ಮಿಷಿನ್ನು ಶುರು ಮಾಡಿಸಿದರು. ನನ್ನನ್ನೂ ಒಳಗೆ ಎಳೆದರು, ಪಂಪಿನ ಸಮೇತ. ಬಿಲ್ಲೆಯ ತೂಕ ಏರಿತು. ಮೇಡಮ್ ಮತ್ತೆ ಬಂದು, ಇದು ಹೇಗೆ ಎಂದು ಕೇಳಿದರು. ಓನರು ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡರು. ಮೇಸ್ತ್ರಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, "ಅವತ್ತು ಸುಕ್ರವಾರ ಅಲ್ವಾ ಮೇಡಮ್. ಮಿಷಿನ್ಗೆಲ್ಲ ಪೂಜೆ ಮಾಡಿ ಸಾಂಬ್ರಾಣಿ ಹಾಕಿದ್ವಿ. ಒಗೆ ಬಿಲ್ಲೆ ಮೇಲೆ ಕುಂತದೆ" ಎಂದರು. ದೇವರ ವಿಷಯ ಬಂದ ಮೇಲೆ ಮೇಡಮ್ ಏನು ಹೇಳಿಯಾರು? ಇನ್ನೊಂದು ದಿನ ಮತ್ತೆ ಪರೀಕ್ಷೆ, ಮತ್ತೆ ಹೊಂಗೆಮರ, ಪಾಸು.

ಅಂದಿನಿಂದ ಪೌಡರು ಹೋಗಿ ಸಾಂಬ್ರಾಣಿ ಬಂತು. "ಲೇ, ಸಾಂಬ್ರಾಣಿ ಜಾಸ್ತಿ ಆಯ್ತು, ಗುಡ್ಸು." "ಕಣ್ಗೆ ಸಾಂಬ್ರಾಣಿ ಬಿತ್ತು." ಮೇಸ್ತ್ರಿಗೂ ಅದೇ ಅಡ್ಡಹೆಸರಾಯಿತು, ಹಿಂದಿನಿಂದ.

ಒಂದು ಮಧ್ಯಾಹ್ನ ಊಟ ಮುಗಿಸಿ ನಲ್ಲಿಯ ಹತ್ತಿರ ಬಗ್ಗಿ ಕೈ ತೊಳೆಯುತ್ತಿದ್ದೆ. ಕೆಮ್ಮು ಬಂತು. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ಆಹಾ," ಎಂದರು ಮೇಸ್ತ್ರಿ. "ಇವತ್ತು ಬಂತು ನೋಡ್ಲಾ. ಸಿಳ್ಳೆ ಸಮೇತ ಬಂತು. ಪಾಸಾದೆ ಓಗು."

ಸುತ್ತಲಿದ್ದವರೂ ಚಪ್ಪಾಳೆ ತಟ್ಟಿದರು. ನಾನು ಬಾಯಿ ಒರೆಸಿಕೊಂಡೆ. "ನಾ ಮಾಡ್ಲಿಲ್ಲ ಮೇಸ್ತ್ರಿ."

"ಮತ್ಯಾರ್ಲಾ ಮಾಡಿದ್ದು, ನಿಮ್ಮಜ್ಜಿಯಾ?"

"ಅದೇ ಬಂತು."

ನಗುತ್ತಿದ್ದವರಿಗೆ ಇದು ಇನ್ನೂ ದೊಡ್ಡ ಜೋಕಾಯಿತು. ಮೇಸ್ತ್ರಿ ನಗಲಿಲ್ಲ. "ಇನ್ನೊಂದ್ಸಲ ಮಾಡು" ಎಂದರು. ಬೇಕೆಂದು ಮಾಡಿದೆ, ಸಿಳ್ಳೆಯಿಲ್ಲ. "ನಿಲ್ಲು, ತಾನಾಗೇ ಬರ್ಲಿ" ಎಂದು ನನ್ನ ಎದುರಿಗೇ ನಿಂತರು. ಬಸ್ಸಿಗೆ ಕಾದಂತೆ ಇಬ್ಬರೂ ಕೆಮ್ಮಿಗೆ ಕಾದೆವು. ಬಂತು. ಕೊನೆಯಲ್ಲಿ ಕುಕ್ಕರಿನ ಸಿಳ್ಳೆಯೂ ಬಂತು. ಅವರು ಬಾಯಲ್ಲಿದ್ದುದನ್ನೆಲ್ಲ ಉಗಿದು ಒಳಗೆ ಹೋದರು. ಮೇಸ್ತ್ರಿಯ ಬಾಯಿಂದ ಬೈಗುಳವಿಲ್ಲದೆ ಹೋದ ಮಧ್ಯಾಹ್ನ ಅದೊಂದೇ. ನನಗೆ ಅದು ಹೆದರಿಕೆ ಹುಟ್ಟಿಸಿತು. ಮಿಮಿಕ್ರಿ ಮಾಡುವವನಿಗೆ ಉಸಿರೊಂದೇ ಬಂಡವಾಳ. ಅದರೊಳಗೆ ಬೇರೆ ಯಾರೋ ಬಂದು ಕೂತು ಸಿಳ್ಳೆ ಹಾಕುತ್ತಿದ್ದರು.

ಮುಂದಿನ ಪರೀಕ್ಷೆಯ ದಿನ ಓನರು ಮೈಸೂರಿಗೆ ಮದುವೆಗೆ ಹೋಗಿದ್ದರು. ಎಲ್ಲವನ್ನೂ ಮೇಸ್ತ್ರಿ ನೋಡಿಕೊಳ್ಳುತ್ತಾರೆಂಬ ನಂಬಿಕೆ. ನಾವು ಬೆಳಿಗ್ಗೆಯೇ ಪೊರಕೆ, ಬಕೆಟ್ಟು ಹಿಡಿದು ನಿಂತಿದ್ದೆವು.

"ಮಡಗ್ರಲಾ ಅದ" ಎಂದರು ಮೇಸ್ತ್ರಿ. "ಬಾಗ್ಲಾಕಿ. ಮಿಷಿನ್ ಬುಡಿ. ದಿನಾ ಎಂಗೋ ಅಂಗೆ."

ನಾನು ವಾಡಿಕೆಯಂತೆ ಅಂಗಿಯ ಕಾಲರು ಸರಿಮಾಡಿಕೊಂಡು ಮೇಡಮ್ಮಿನ ಮುಂದೆ ನಿಂತೆ. ಮೇಸ್ತ್ರಿ ನನ್ನನ್ನು ತಳ್ಳಿ, "ನಂಗೆ ಕಟ್ಟಿ ಮೇಡಮ್" ಎಂದರು. ಮೇಡಮ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಮಿಷಿನ್ ಮುಂದೆ ನಿಲ್ತೀರಾ?"

"ಇವತ್ತು ನಿಲ್ತೀನಿ."

ನನ್ನ ಕಡೆ ತಿರುಗಿ, "ನೀ ಗೇಟ್ ತಾವ ಓಗಿ ಕುಂತ್ಕೊ. ಒಳಕ್ ಬಂದ್ರೆ ಕಾಲ್ ಮುರೀತೀನಿ" ಎಂದರು. ಗೇಟಿನ ಪಕ್ಕದ ತಗಡಿನ ಕಿಂಡಿಯಿಂದ ಶೆಡ್ಡಿನೊಳಗೆ ನೋಡಿದೆ. ಕೆಮ್ಮಲು ಮಾತ್ರ ಕೆಲಸ ನಿಲ್ಲಿಸುತ್ತ, ಊಟಕ್ಕೂ ಹೊರಗೆ ಬಾರದೆ, ಮೂಗಿಗೆ ಬಟ್ಟೆಯೂ ಇಲ್ಲದೆ ಒಣ ಮಿಷಿನ್ನಿನ ಮುಂದೆ ಆ ಮನುಷ್ಯ ನಿಂತಿದ್ದರು. ಸೊಂಟದಲ್ಲಿ ಪಂಪು ಗೊರಗುಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೂದುಗುಂಬಳಕಾಯಿಯ ಮೇಲೆ ಕಣ್ಣೂ ಕಾಣುತ್ತಿರಲಿಲ್ಲ. ಮೇಡಮ್ ಟೀ ಕುಡಿಯಲು ಹೋಗದೆ ಕಿಟಕಿಯ ಹತ್ತಿರ ನಿಂತಿದ್ದರು.

ಇಳಿಹೊತ್ತಿಗೆ ಓನರು ಬಂದರು. ಬಾಯಲ್ಲಿ ಮದುವೆಮನೆಯ ಬೀಡಾ, ಹಣೆಯಲ್ಲಿ ಕುಂಕುಮ. ಒಳಗೆ ಇಣುಕಿ, ಒಂದು ಕ್ಷಣ ನಿಂತು, ಮಿಷಿನ್ನು ಆರಿಸಿದರು. ಆಮೇಲೆ ಮೇಡಮ್ಮಿನ ಕಡೆ ನಗುಮುಖ ಮಾಡಿ, "ಮೇಡಮ್, ಇವತ್ತಿಂದು ಲೆಕ್ಕಕ್ಕೆ ತಗೋಬೇಡಿ. ಶುಕ್ರವಾರ ಅಲ್ವಾ, ಸಾಂಬ್ರಾಣಿ ಹಾಕಿದ್ದಾರೆ" ಎಂದರು.

"ಇವತ್ತು ಬುಧವಾರ ಸಾರ್."

"ಬುಧವಾರಾನೂ ಹಾಕ್ತೀವಿ." ಮೇಸ್ತ್ರಿಯ ಕಡೆ ನೋಡಿದರು. "ಹೇಳೋ. ಸಾಂಬ್ರಾಣಿ ತಾನೆ?"

ಮೇಸ್ತ್ರಿಗೆ ಕೆಮ್ಮು ಹತ್ತಿತು. ಬುಲೆಟ್ಟು, ಜಲ್ಲಿ, ಎಲ್ಲ ಬಂತು. ಅಷ್ಟೂ ಜನ, ಓನರೂ ಸೇರಿ, ಆ ಸಿಳ್ಳೆಗೆ ಕಾದು ನಿಂತೆವು. ಸಿಳ್ಳೆಯಾದ ಮೇಲೆ ಅವರು ಮಿಷಿನ್ನಿಗೆ ಒರಗಿ ಹೇಳಿದರು. "ಸಾಂಬ್ರಾಣಿ ಅಲ್ಲ ಮೇಡಮ್. ಓದ್ ಸಲಾನೂ ಅಲ್ಲ. ಈ ಶೆಡ್ಡಲ್ಲಿ ಸಾಂಬ್ರಾಣಿ ಡಬ್ಬಿನೇ ಇಲ್ಲ. ಇದು ಕಲ್ಲು. ಸತ್ತೋದ್ನಲ್ಲ ನಮ್ಮೋನು, ಅವ್ನು ಬೀಡಿ ಸೇದ್ತಿರ್ಲಿಲ್ಲ. ಅದ್ನೂ ಬರ್ಕೊಳ್ಳಿ."

ಮೇಡಮ್ ಡಬ್ಬಿಯನ್ನು ಬಿಚ್ಚಿ ಮುಚ್ಚಳ ಹಾಕಿ ಸೀಲ್ ಮಾಡಿದರು. "ಹೊಗೆಯೋ ಕಲ್ಲೋ ಅಂತ ಲ್ಯಾಬಲ್ಲಿ ಗೊತ್ತಾಗುತ್ತೆ. ಬೀಡಿ ವಿಷಯ ಬರ್ಕೊಳ್ಳೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ" ಎಂದು ಗಾಡಿ ಹತ್ತಿದರು. ಅಷ್ಟೇ. ಯಾರೂ ಮೇಸ್ತ್ರಿಯ ಬೆನ್ನು ತಟ್ಟಲಿಲ್ಲ.

ಆಮೇಲೆ ನಡೆದದ್ದು ಇದು. ಮೇಡಮ್ಮಿನ ಗಾಡಿ ಗೇಟು ದಾಟುವ ಮೊದಲೇ ಓನರು ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. "ಯಾರು ತಲೆ ಕೆಡಿಸಿದ್ದು ನಿಂಗೆ?" ಎಂದು ಅವರು ಕೇಳಿದಾಗ ಮೇಸ್ತ್ರಿ ಗೇಟಿನ ಕಡೆ ಕೈ ತೋರಿಸಿ, "ಈ ನಕ್ಲಿನೇಯ. ಇವ್ನೇ ಯೋಳ್ಕೊಟ್ಟಿದ್ದು" ಎಂದರು. ನಾನೂ ಹೊರಗೆ. ಇಬ್ಬರೂ ಒಂದೇ ಬಸ್ಸಿಗೆ ಕಾದೆವು. ನನಗೆ ಬರುತ್ತಿದ್ದ ಬೈಗುಳಗಳೆಲ್ಲ ಅವರಿಂದಲೇ ಕಲಿತವು, ಆದ್ದರಿಂದ ಬೈದರೂ ಅವರ ಮಿಮಿಕ್ರಿ ಮಾಡಿದಂತೆಯೇ ಆಯಿತು. ಅವರು ಎಲೆಗೆ ಸುಣ್ಣ ಹಚ್ಚುತ್ತ, "ರಾಗ ಸರಿಯಿಲ್ಲ" ಎಂದರು.

ಲ್ಯಾಬಿನವರು ಬಿಲ್ಲೆಯಲ್ಲಿ ಕಲ್ಲನ್ನು ಕಂಡರು. ಇಲಾಖೆಯವರು ಬಂದು, ನೀರಿನ ಪೈಪು, ಧೂಳು ಎಳೆಯುವ ಕೊಳವೆ ಹಾಕುವ ತನಕ ಶೆಡ್ಡು ತೆರೆಯಕೂಡದೆಂದರು. ಕೆಲಸವಿಲ್ಲದೆ ಚಿನಕುರಳಿಯ ಟೀ ಅಂಗಡಿಯಲ್ಲಿ ಕೂತ ನಮ್ಮವರು ಓನರನ್ನೂ ಬೈಯಲಿಲ್ಲ, ಕಲ್ಲನ್ನೂ ಬೈಯಲಿಲ್ಲ. "ತಾನು ಸಾಯೋನು, ನಮ್ಮ ಅನ್ನಕ್ ಕಲ್ಲಾಕ್ಬುಟ್ಟ" ಎಂದು ಮೇಸ್ತ್ರಿಗೆ ಶಾಪ ಹಾಕಿದರು. ಬೇಸರ ಕಳೆಯಲು ಅವರ ಕೆಮ್ಮನ್ನು ಮಾಡಿ ನಗುತ್ತಿದ್ದರು. ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಮಾಡುತ್ತಿದ್ದರು, ಸಿಳ್ಳೆ ಸಮೇತ. ಅದರಲ್ಲಿ ನಕಲು ಎಷ್ಟು ಅಸಲು ಎಷ್ಟು ಎಂದು ನಾನು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ನಾಗಮಂಗಲದ ಕಡೆ ಇರುವ ಮೇಸ್ತ್ರಿಯ ಹಳ್ಳಿಗೆ ಹೋದೆ. ನೋಡಿಕೊಂಡು ಬರಲು ಹೋದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಹೋದದ್ದು ಜಗಳಕ್ಕೆ. ಮೇಸ್ತ್ರಿ ಜಗಲಿಯ ಮೇಲೆ, ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು, ಅದರ ಮೇಲೆ ತಲೆಯಿಟ್ಟು ಕೂತಿದ್ದರು. ಮಲಗಿದರೆ ಉಸಿರು ಬರುತ್ತಿರಲಿಲ್ಲ.

"ಯಾಕ್ ಮೇಸ್ತ್ರಿ ನನ್ ಎಸ್ರು ಯೋಳಿದ್ರಿ? ನಾನೇನ್ ಮಾಡಿದ್ದೆ ನಿಮ್ಗೆ?"

ತಲೆ ಎತ್ತಿ ನೋಡಿದರು. "ಎಲ್ಲಿ, ಕೆಮ್ಮು."

"ಕೆಮ್ಮಕ್ ಬಂದಿಲ್ಲ ನಾನು."

"ಕೆಮ್ಲಾ."

ಸಿಟ್ಟಿನಲ್ಲೇ ಕೆಮ್ಮಿದೆ. ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ಕೆಮ್ಮಿದೆ. ಒದೆತ ಬಂತು, ಜಲ್ಲಿಯೂ ಸ್ವಲ್ಪ ಬಂತು. ಸಿಳ್ಳೆ ಬರಲಿಲ್ಲ. ಇನ್ನೊಂದು ಸಲವೂ ಬರಲಿಲ್ಲ. ಅದು ಯಾವಾಗ ಬಿಟ್ಟುಹೋಗಿತ್ತೋ, ನಾನೇ ಗಮನಿಸಿರಲಿಲ್ಲ.

"ಅಂಗಲ್ಲ ಕಣ್ಲಾ" ಎಂದು ಮೇಸ್ತ್ರಿ ನಕ್ಕರು. ಬಾಯೊಳಗೆ ಕೆಂಪಿರಲಿಲ್ಲ. ಎಲೆಯಡಿಕೆ ಜಗಿಯಲೂ ಉಸಿರು ಬೇಕು. "ಕೆಟ್ಟೋಯ್ತು ಬುಡು ನಿನ್ ವಿದ್ಯೆ."

"ಶೆಡ್ಡು ತೆಗೀತಾವ್ರಂತೆ, ನನ್ನ ವಾಪಸ್ ಕರ್ದವ್ರೆ" ಎಂದೆ.

"ಓದ್ರೆ ಕಾಲ್ ಮುರೀತೀನಿ."

"ನಿಮ್ ಕೈಲಿ ಬೀಡಿ ಮುರಿಯಕ್ಕಾಗಲ್ಲ ಈಗ."

"ನಾ ಬೀಡಿ ಸೇದಲ್ವಲ್ಲಲಾ" ಎಂದರು. ಇಬ್ಬರೂ ನಕ್ಕೆವು. ನಗು ಅವರಲ್ಲಿ ಕೆಮ್ಮಾಗಿ ತಿರುಗಿತು. ನಿಲ್ಲುವ ತನಕ ಅವರ ಹೆಂಡತಿ ಬೆನ್ನು ನೀವುತ್ತಿದ್ದರು, ನಾನು ಅಂಗಳದ ಕೋಳಿಗಳನ್ನು ನೋಡುತ್ತಿದ್ದೆ.

ಅವರು ತೀರಿಕೊಂಡಾಗ ಶೆಡ್ಡಿನವರು ಒಂದು ಟೆಂಪೋದಲ್ಲಿ ಬಂದರು. ತೊಳೆದು ಕೂರಿಸಿದ್ದ ಮುಖವನ್ನು ಯಾರಿಗೂ ಗುರುತು ಹಿಡಿಯಲಾಗಲಿಲ್ಲ. "ಮೇಸ್ತ್ರಿ ಇಷ್ಟ್ ಕರ್ರಗಿದ್ರಾ?" ಎಂದು ಒಬ್ಬ ಪಿಸುಗುಟ್ಟಿದ. ಅಷ್ಟರಲ್ಲಿ ಯಾರೋ ನೆಂಟರು ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಂದು ಅವರ ಮುಂದೆ ಇಟ್ಟರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕೆಟ್ಟೆವು. ಆದರೂ ಹಿಂದಿನಿಂದ ಒಬ್ಬ ಫಕ್ಕನೆ ನಕ್ಕ, ಆಮೇಲೆ ಟವೆಲುಗಳೆಲ್ಲ ಬಾಯಿಗೆ ಹೋದವು, ಮೇಸ್ತ್ರಿ ಇದ್ದಾಗ ಕಟ್ಟಲು ನಾಚಿಕೊಂಡ ಅವೇ ಟವೆಲುಗಳು. ಅಲುಗುವ ಭುಜಗಳನ್ನು ನೋಡಿ ಊರವರು ಅಳುತ್ತಿದ್ದಾರೆಂದುಕೊಂಡರು. ಮೇಸ್ತ್ರಿಯ ಹೆಂಡತಿಗೆ ಮಾತ್ರ ಗೊತ್ತಾಯಿತು. "ನಗ್ರಪ್ಪ" ಎಂದರು, "ಅವ್ರೂ ನಿಮ್ಮನ್ನ ಬೋ ಆಡ್ಕೊಂಡ್ ನಗ್ತಿದ್ರು."

ನಾನು ಶೆಡ್ಡಿಗೆ ವಾಪಸು ಹೋಗಲಿಲ್ಲ. ಈಗ ಮದುವೆ ರಿಸೆಪ್ಷನ್ನುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಎದೆಯ ಫೋಟೋ ತೆಗೆಸಿ ನೋಡಿದ ಡಾಕ್ಟರು, ಬೇಗ ಹೊರಗೆ ಬಂದೆ, ಉಳಿದುಕೊಂಡೆ ಎಂದರು. ಬಂದೆ ಎನ್ನುವುದು ಅವರ ವ್ಯಾಕರಣ. ನನ್ನನ್ನು ಮೇಸ್ತ್ರಿ ತಳ್ಳಿದ್ದು. ಒಂದು ನಾಯಿಯನ್ನು ಲಾರಿಯ ಮುಂದಿನಿಂದ ಓಡಿಸಲು ಕಲ್ಲಿನಲ್ಲಿ ಹೊಡೆಯುತ್ತಾರಲ್ಲ, ಹಾಗೆ. ಇಷ್ಟಾದರೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ನನಗೆ ಸಿಗಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ಪಟ್ಟಣದ ಒಂದು ಛತ್ರದಲ್ಲಿ ಹುಡುಗಿಯ ಕಡೆಯವರಲ್ಲಿ ನಮ್ಮ ಶೆಡ್ಡಿನವನೊಬ್ಬ ಇದ್ದ. ಕೊನೆಯ ಸಾಲಿನಿಂದ, "ಲೇ ನಕ್ಲಿ, ಮೇಸ್ತ್ರಿ ಮಾಡ್ಲಾ" ಎಂದು ಕೂಗಿದ. ಮಾಡಿದೆ. ಪೌಡರು ಮಾಡಿದೆ, ಮದುವಣಗಿತ್ತಿ ಮಾಡಿದೆ, ಗುರುತಿಲ್ಲದವರೂ ನಕ್ಕರು. ಕೊನೆಗೆ ಕೆಮ್ಮಿದೆ. ಮೈಕು ಬಾಯಿಗೆ ಒತ್ತಿಕೊಂಡು, ಒದೆತ, ಜಲ್ಲಿ, ಆಮೇಲೆ ಉಸಿರನ್ನು ಒಳಗೆಳೆದೆ. ಉಸಿರು ಸದ್ದಿಲ್ಲದೆ, ಕಾಲುವೆಗೆ ನೀರು ಬಂದ ಹಾಗೆ, ತಳದ ತನಕ ಹೋಯಿತು. ಸಿಳ್ಳೆಯಿಲ್ಲ.

ಛತ್ರವೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಕೊನೆಯ ಸಾಲಿನವನೊಬ್ಬನೇ ತಲೆ ಓರೆ ಮಾಡಿಕೊಂಡು ನನ್ನನ್ನು ನೋಡುತ್ತಿದ್ದ. ಅವನು ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ, ಈಗ ನೀರಿನ ಮಿಷಿನ್ನಿನ ಮುಂದೆ. ಆದರೆ ಅವನನ್ನು ಯಾರೂ ಮೊದಲೇ ತಳ್ಳಿರಲಿಲ್ಲ.

"ಅಂಗಲ್ಲ ಕಣ್ಲಾ" ಎಂದ. ಆಮೇಲೆ ಕೆಮ್ಮಿದ, ಮೇಸ್ತ್ರಿಯದೇ ಕೆಮ್ಮು, ಕೊನೆಯ ಸಿಳ್ಳೆಯ ತನಕ.